ಬಸ್ತಿ ಗಂಗಿ ಮಾಡಿದ ಬಾಣಂತನ

ಗೇರುಸೊಪ್ಪದ ಕೇರಿಯಲ್ಲಿ ನಿಂತು ಗಂಗೀ ಎಂದು ಕೂಗಿದರೆ ಮೂರು ಮನೆಗಳಿಂದ ಓಗೊಡುತ್ತಾರೆ. ಬಸ್ತಿ ಗಂಗಿ ಎಂದರೆ ಮಾತ್ರ ಒಬ್ಬಳೇ. ಶರಾವತಿಯನ್ನು ದೋಣಿಯಲ್ಲಿ ದಾಟಿ, ಆಚೆ ದಡದ ಕಾಡಿನೊಳಗೆ ಅರ್ಧ ತಾಸು ನಡೆದರೆ ಒಂದು ಹಳೆಯ ಕಲ್ಲಿನ ಜೈನ ಬಸ್ತಿ ಸಿಗುತ್ತದೆ. ಪ್ರವಾಸಿಗರು ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುವ ದೊಡ್ಡ ಬಸದಿ ಅಲ್ಲ. ಅದರ ಬಡ ತಂಗಿ. ಒಳಗೆ ಮೂರ್ತಿಯಿಲ್ಲ, ಬಾಗಿಲಿಗೆ ಕದವಿಲ್ಲ. ಉಳಿದಿರುವುದು ನಾಲ್ಕು ಕಂಬ, ಒಂದು ಜಗಲಿ, ಮೇಲೆ ಹಾಸುಗಲ್ಲಿನ ಮಾಡು. ಆ ಮಾಡಿನ ಅಂಚಿಗೆ ಯಾರೋ ಪುಣ್ಯಾತ್ಮ ನೂರಾರು ವರ್ಷದ ಹಿಂದೆ ಹಂಸಗಳ ಸಾಲೊಂದನ್ನು ಕೊರೆದು ಹೋಗಿದ್ದಾನೆ. ಮೂವತ್ತೊಂದು ಹಂಸ, ಒಂದರ ಹಾಗೆ ಇನ್ನೊಂದಿಲ್ಲ. ಒಂದಂತೂ ತಿರುಗಿ ಹಿಂದಿನದನ್ನು ಬಯ್ಯುತ್ತಿದೆ ಎಂದು ಗಂಗಿಯ ಖಚಿತ ಅಭಿಪ್ರಾಯ. ಹತ್ತು ವರ್ಷದಿಂದ ಆ ಜಗಲಿಯನ್ನು ಗುಡಿಸಿ, ಬಾವಲಿ ಹಿಕ್ಕೆ ಎತ್ತಿ, ಕಲ್ಲಿನ ಸಂದಿಯ ಹುಲ್ಲು ಕಿತ್ತು ಕಾಪಾಡಿಕೊಂಡು ಬಂದವಳು ಅವಳೇ.

ಈ ದಿನಗೂಲಿ ಕೆಲಸಕ್ಕೆ ಯಜಮಾನರು ಇಬ್ಬರು. ಬಸ್ತಿ ಹಳೆಯ ಸ್ಮಾರಕವಾದ್ದರಿಂದ ಅದು ಕಲ್ಲಿನ ಆಫೀಸಿನದು. ಸುತ್ತಲಿನದು ಅಭಯಾರಣ್ಯವಾದ್ದರಿಂದ ಕಾಡಿನ ಆಫೀಸಿನದು. ಆ ಆಫೀಸುಗಳ ನಿಜವಾದ ಹೆಸರು ಬೋರ್ಡಿನ ಮೇಲೆ ಎರಡು ಸಾಲು ಹಿಡಿಯುತ್ತದೆ, ಗಂಗಿಯ ಬಾಯಲ್ಲಿ ಹೀಗೆ ಗಿಡ್ಡವಾಗಿದೆ. ಕಲ್ಲಿನ ಕಾಯ್ದೆ ಹೇಳುವುದು, ಒಂದು ಕಲ್ಲನ್ನೂ ಕದಲಿಸಬೇಡ, ಮೊಳೆ ಹೊಡೆಯಬೇಡ, ಬಣ್ಣ ಬಳಿಯಬೇಡ, ಮಾಡಿನ ಮೇಲೆ ಗಿಡ ಹುಟ್ಟಿದರೆ ಕೂಡಲೇ ತೆಗೆಸು. ಕಾಡಿನ ಕಾಯ್ದೆ ಹೇಳುವುದು, ಗಿಡದ ಎಲೆಯನ್ನೂ ಮುಟ್ಟಬೇಡ. ಇವೆರಡರ ನಡುವೆ ಪೊರಕೆ ಹಿಡಿದು ನಿಂತವಳು ಗಂಗಿ. ಗಂಡ ಮಾದೇವ ಅವಳನ್ನು ಎರಡು ಅತ್ತೆ ಇರುವ ಸೊಸೆ ಎಂದು ತಮಾಷೆ ಮಾಡುತ್ತಾನೆ. ಮೊದಲಿದ್ದ ಒಂದು ಅತ್ತೆಗಿಂತ ಈ ಎರಡು ಅತ್ತೆ ಅಡ್ಡಿಲ್ಲ ಎಂದು ಗಂಗಿ ಉತ್ತರ ಕೊಡುತ್ತಾಳೆ. ತನ್ನ ತಾಯಿಯ ವಿಷಯ ಬಂದ ಕೂಡಲೇ ಮಾದೇವನಿಗೆ ಎಲೆಯಡಿಕೆಯ ಕವಳ ಹಾಕುವ ನೆನಪಾಗುತ್ತದೆ.

ಆ ಅತ್ತೆಯ ಕತೆ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಗಂಗಿ ಹತ್ತೊಂಬತ್ತನೆಯ ವರ್ಷಕ್ಕೆ ಮಗಳು ಸುಪ್ರಿಯಾಳನ್ನು ಹೆತ್ತಳು. ತವರಿನಲ್ಲಿ ತಾಯಿ ಇರಲಿಲ್ಲ, ಬಾಣಂತನ ಅತ್ತೆಯದೇ. ಬಾಣಂತಿಗೆ ಗಾಳಿ ಸೋಕಬಾರದು ಎಂದು ನಲವತ್ತು ದಿನ ಒಳಕೋಣೆಯಲ್ಲಿ ಕೂರಿಸಿ, ಇದ್ದ ಒಂದು ಕಿಟಕಿಗೂ ಗೋಣಿಚೀಲ ತುರುಕಿದರು. ಏಪ್ರಿಲ್ ತಿಂಗಳು. ಬಿಸಿ ಅನ್ನ, ಕಾಳುಮೆಣಸಿನ ಸಾರು, ಕುಡಿಯಲು ಅಳತೆಯ ನೀರು. ಅತ್ತೆ ಕೆಟ್ಟವಳೇನಲ್ಲ, ತನಗೆ ಮಾಡಿದ್ದನ್ನೇ ಸೊಸೆಗೂ ಮಾಡಿದಳು. ಆದರೆ ಆ ಕತ್ತಲೆ ಗಂಗಿಯ ಮೈಯಿಂದ ಪೂರ್ತಿ ಇಳಿಯಲೇ ಇಲ್ಲ. ಇಂದಿಗೂ ಅವಳ ಮನೆಯ ಕಿಟಕಿಗಳಿಗೆ ಪರದೆಯಿಲ್ಲ, ಬಸ್ಸಿನಲ್ಲಿ ಮಳೆ ಬಡಿದರೂ ಗಾಜು ಎಳೆಯಲು ಬಿಡುವುದಿಲ್ಲ.

ಬಸ್ತಿಯ ಕೆಲಸಕ್ಕೆ ಸೇರಿದ ಎರಡನೆಯ ವರ್ಷದ ಮಾರ್ಚಿನಲ್ಲಿ ಆ ತಪ್ಪು ನಡೆಯಿತು. ಬಸ್ತಿಗೆ ತಾಗಿದಂತೆ ಒಂದು ಭಾರೀ ಹೆಬ್ಬಲಸಿನ ಮರ. ಜಗಲಿಯ ಮೇಲೆ ನಿಂತರೆ ಹಣ್ಣು ಕೊಯ್ಯುವ ದೋಟಿಗೆ ಎಟುಕುವ ಎತ್ತರದಲ್ಲಿ ಅದಕ್ಕೊಂದು ಪೊಟರೆ. ಒಂದು ಬೆಳಿಗ್ಗೆ ನೋಡುತ್ತಾಳೆ, ಪೊಟರೆಯ ಬಾಯಿಗೆ ಗೋಡೆ ಮೆತ್ತಿದೆ. ನಡುವೆ ಬೆರಳಗಲದ ಸೀಳು, ಆ ಸೀಳಿನಿಂದ ಒಂದು ಕೊಕ್ಕಿನ ತುದಿ ಹೊರಗೆ ಬಂದು ಒಳಗೆ ಹೋಗುತ್ತಿದೆ. ಮಂಗಟ್ಟೆ ಹಕ್ಕಿ ಅವಳಿಗೆ ಹೊಸದಲ್ಲ. ಬೂದು ಬಣ್ಣ, ಬಾಗಿದ ದೊಡ್ಡ ಕೊಕ್ಕು, ಹುಚ್ಚು ಹಿಡಿದವರ ಹಾಗೆ ಕಾಡೆಲ್ಲ ಕೇಳುವಂತೆ ನಗುವ ಹಕ್ಕಿ. ಆದರೆ ಅದು ಗೂಡು ಮಾಡುವ ಕ್ರಮವನ್ನು ಅವಳು ಎಂದೂ ನೋಡಿರಲಿಲ್ಲ. ಹೊರಗೆ ಗಂಡು ಹಕ್ಕಿ ಕೊಂಬೆಯ ಮೇಲೆ ಆರಾಮಾಗಿ ಕೂತಿದೆ, ಒಳಗೆ ಹೆಣ್ಣು ಗೋಡೆಯ ಹಿಂದೆ. ಮೊಟ್ಟೆಯಿಟ್ಟ ಹೆಣ್ಣನ್ನು ಇಲ್ಲೂ ಕೂಡಿ ಹಾಕಿದ್ದಾರೆ ಎಂದುಕೊಂಡಳು ಗಂಗಿ. ಗಂಡಸಿನ ಜಾತಿಗೆ ಒಂದಿಷ್ಟು ಬೈಗುಳ ಒಪ್ಪಿಸಿ, ದೋಟಿ ತಂದು, ಜಗಲಿ ಹತ್ತಿ, ಆ ಗೋಡೆಯನ್ನು ಚುಚ್ಚಿ ಚುಚ್ಚಿ ಒಡೆದಳು.

ಹಕ್ಕಿ ಹಾರಿಹೋಗಲಿಲ್ಲ. ಹಳೆಯ ಚಿಂದಿ ಬಿದ್ದಂತೆ ತೊಪ್ಪೆಂದು ಕೆಳಗೆ ಬಿತ್ತು. ರೆಕ್ಕೆಯಲ್ಲಿ ದೊಡ್ಡ ಗರಿಗಳೇ ಇರಲಿಲ್ಲ, ಬಾಲವೂ ಇರಲಿಲ್ಲ. ಗಂಗಿ ಅದನ್ನು ಸೆರಗಿನಲ್ಲಿ ಸುತ್ತಿ ಎದೆಗವಚಿಕೊಂಡು ಅಲ್ಲೇ ಕೂತಳು. ಗಸ್ತು ಬಂದ ಅರಣ್ಯ ರಕ್ಷಕ ರವೀಂದ್ರ ಅವಳನ್ನು ಕಂಡದ್ದು ಆ ಸ್ಥಿತಿಯಲ್ಲಿ. ಕುಮಟೆಯ ಕಡೆಯ ಹುಡುಗ, ಆಗಷ್ಟೇ ಕೆಲಸಕ್ಕೆ ಸೇರಿದವ. ಹಕ್ಕಿ ತಾನಾಗಿ ಬಿತ್ತು ಎಂದಿದ್ದರೆ ಅವನು ನಂಬುತ್ತಿದ್ದ.

"ನಾನೇ ಒಡೆದದ್ದು ಸಾಯೇಬ್ರೆ," ಎಂದಳು ಗಂಗಿ. "ಬಾಣಂತಿನ ಕೂಡಿ ಹಾಕಿದಾರೆ ಅಂತ ಕಂಡಿತು. ಪಾಪ ಅಂತ ಬಿಡಿಸೂಕೆ ಹೋದೆ."

ರವೀಂದ್ರ ಪಕ್ಕದಲ್ಲಿ ಕೂತು ಸೆರಗು ಸರಿಸಿ ಹಕ್ಕಿಯನ್ನು ನೋಡಿದ. ಆಮೇಲೆ ಮೆಲ್ಲಗೆ ಹೇಳಿದ, "ಅದನ್ನ ಯಾರೂ ಕೂಡಿ ಹಾಕಲಿಲ್ಲ ಅಕ್ಕ. ಮರಿ ಮಾಡೂಕೆ ಅದೇ ಒಳಗೆ ಹೋಗಿ, ಅದೇ ಬಾಗಿಲು ಮೆತ್ತಿಕೊಂಡು ಕೂತದ್ದು. ಹಾವು, ಉಡ ಬರಬಾರದು ಅಂತ."

ಗರಿಗಳನ್ನು ಕೂಡ ಅದು ಒಳಗೆ ಕೂತ ಮೇಲೇ ಉದುರಿಸಿಕೊಳ್ಳುತ್ತದಂತೆ. ಮೂರು ತಿಂಗಳು ಹೊರಗಿನಿಂದ ಹಣ್ಣು ತಂದು ಆ ಸೀಳಿನಲ್ಲಿ ಕೊಟ್ಟು ಸಾಕುವುದು ಗಂಗಿ ಬೈದ ಅದೇ ಗಂಡು. ಇದನ್ನು ಕೇಳಿ ಅವಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ರವೀಂದ್ರ ಏಣಿ ತರಿಸಿ ತಾಯಿಯನ್ನು ಪೊಟರೆಗೆ ವಾಪಸು ಬಿಟ್ಟ. ಎರಡು ದಿನದಲ್ಲಿ ಅದು ಗೋಡೆಯನ್ನು ಮತ್ತೆ ಮೆತ್ತಿಕೊಂಡಿತು, ಗಂಡು ಮತ್ತೆ ಹಣ್ಣು ತಂದಿತು. ಆದರೆ ಮೊಟ್ಟೆ ಒಡೆದುಹೋಗಿತ್ತು. ಆ ವರ್ಷ ಮರಿಯಿಲ್ಲದೆಯೇ ತಾಯಿ ಹೊರಗೆ ಬಂತು, ಮುಂದಿನ ವರ್ಷದಿಂದ ಜೋಡಿ ಆ ಮರಕ್ಕೆ ಬರಲಿಲ್ಲ.

ಕಾಯ್ದೆಯ ಪ್ರಕಾರ ಗೂಡು ಕೆದಕಿದರೂ ಅದು ಬೇಟೆಯೇ. ಹಬ್ಬಕ್ಕೆ ಕೋಳಿ ಕೊಯ್ಯುವಾಗ ನೋಡಲಾರದೆ ಕೊಟ್ಟಿಗೆಗೆ ಹೋಗಿ ಕೂರುವ ಗಂಗಿ ಕಾಯ್ದೆಯ ಪುಸ್ತಕದಲ್ಲಿ ಬೇಟೆಗಾರ್ತಿಯಾಗಿದ್ದಳು, ಜೈಲಿಗೆ ಹೋಗುವ ಬೇಟೆಗಾರ್ತಿ. ವಿಚಾರಣೆಗೆ ಕರೆದ ದಿನ ಮಾದೇವ ಹೊನ್ನಾವರದ ತನಕ ಬಸ್ಸಿನಲ್ಲಿ ಜೊತೆಗೆ ಬಂದ, ದಾರಿಯುದ್ದಕ್ಕೂ ಒಂದೂ ತಮಾಷೆ ಮಾಡಲಿಲ್ಲ. ಅವನು ಹಾಗೆ ಸುಮ್ಮನಿದ್ದದ್ದೇ ಅವಳಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಅಲ್ಲಿ ಹಿರಿಯ ಅಧಿಕಾರಿಯೊಬ್ಬರು ಎಲ್ಲವನ್ನೂ ಕೇಳಿದರು. ಅವಳು ತಾನಾಗಿ ಒಪ್ಪಿಕೊಂಡದ್ದನ್ನು ರವೀಂದ್ರ ಎರಡು ಸಲ ಒತ್ತಿ ಹೇಳಿದ. ಎಚ್ಚರಿಕೆ ಬರೆಸಿ ಸಹಿ ಹಾಕಿಸಿಕೊಂಡು ಅವರು ಒಂದು ಶಿಕ್ಷೆ ಕೊಟ್ಟರು. ಪ್ರತಿವರ್ಷ ಮಂಗಟ್ಟೆ ಗೂಡು ಕಟ್ಟುವ ಕಾಲದಲ್ಲಿ, ಬಸ್ತಿಯ ಕೆಲಸ ಮುಗಿಸಿ, ಆಸುಪಾಸಿನ ಗೂಡುಗಳನ್ನು ನೋಡಿ ಪುಸ್ತಕದಲ್ಲಿ ಗುರುತು ಹಾಕಬೇಕು.

ಎಂಟು ವರ್ಷದಿಂದ ಗಂಗಿ ಆ ಶಿಕ್ಷೆ ಅನುಭವಿಸುತ್ತಿದ್ದಾಳೆ, ಇನ್ನೂ ಮುಗಿಯಬಾರದೆಂದೇ ಅವಳ ಆಸೆ. ನಾಲ್ಕನೇ ಇಯತ್ತೆ ಓದಿದವಳು. ಬರೆಯುವುದಕ್ಕಿಂತ ಗುರುತು ಹಾಕುವುದು ಸಲೀಸು. ಹಣ್ಣು ತಂದರೆ ಸೊನ್ನೆ, ಓತಿಕ್ಯಾತ ತಂದರೆ ಸೊಟ್ಟ ಗೆರೆ, ಬರಿಗೊಕ್ಕಿನಲ್ಲಿ ಬಂದರೆ ಅಡ್ಡಗೆರೆ. ಆ ಪುಸ್ತಕ ನೋಡಿ ಕುಮಟೆಗೆ ಮದುವೆಯಾಗಿ ಹೋದ ಸುಪ್ರಿಯಾ, ಅಮ್ಮ ಯಾರೋ ಮಂಗಟ್ಟೆಯವರ ಮನೆಯಲ್ಲಿ ಅಡಿಗೆ ಕೆಲಸಕ್ಕೆ ಸೇರಿದ್ದಾಳೆ ಎಂದು ನಕ್ಕಳು.

ಕೇರಿಯ ಜನ ಈ ಕಾಯ್ದೆಗಳನ್ನು ಬಯ್ಯದ ದಿನವಿಲ್ಲ. ಕಾಡಿನ ಉಪ್ಪಾಗೆ ಹಣ್ಣು ಆರಿಸಲು ಹೋದರೆ ಕೇಳುವವರಿದ್ದಾರೆ, ಸೊಪ್ಪು ತಂದರೆ ಕೇಳುವವರಿದ್ದಾರೆ, ಹಂದಿ ಬಂದು ಗದ್ದೆ ಉತ್ತು ಹೋದರೆ ಮಾತ್ರ ಕೇಳುವವರಿಲ್ಲ. ಅವರ ಮಾತಿನಲ್ಲಿ ಸುಳ್ಳಿಲ್ಲ. ಮಾದೇವನ ಗೆಣಸಿನ ಸಾಲುಗಳೂ ಹಂದಿಯ ಪಾಲೇ ಆಗಿವೆ. ಆಗೆಲ್ಲ ಗಂಗಿ ಸುಮ್ಮನಿರುತ್ತಾಳೆ. ಅವಳ ಮಟ್ಟಿಗೆ ಕಾಯ್ದೆ ಎಂದರೆ ತನ್ನನ್ನು ಹಿಡಿಯಬಹುದಾಗಿದ್ದ ಕೈ. ಅದು ಹಿಡಿಯಲಿಲ್ಲ, ಬೆನ್ನು ತಟ್ಟಿ ಕೆಲಸ ಕೊಟ್ಟಿತು.

ಆ ಹೆಬ್ಬಲಸು ಆಮೇಲೆ ಒಣಗುತ್ತಾ ಬಂತು. ಬುಡಕ್ಕೆ ಗೆದ್ದಲು ಹಿಡಿದು ಮರ ಬಸ್ತಿಯ ಕಡೆಗೆ ವಾಲಿತು. ಬಿದ್ದರೆ ಸೀದಾ ಹಂಸಗಳ ಮೇಲೆ. ಎರಡು ವರ್ಷದ ಹಿಂದೆ ಅದನ್ನು ಮೊದಲು ಗಮನಿಸಿ ಕಲ್ಲಿನ ಆಫೀಸಿನ ಭಾರತಿ ಮೇಡಮ್ಮಿಗೆ ಹೇಳಿದವಳು ಗಂಗಿಯೇ. ಭಾರತಿ ಭಟ್ಕಳದ ಕಡೆಯವರು, ಆರು ತಿಂಗಳಿಗೊಮ್ಮೆ ಬಂದು ಕಲ್ಲು ಕಲ್ಲನ್ನೂ ಮುಟ್ಟಿ ನೋಡಿ ಹೋಗುವ ಸ್ವಭಾವ. ಅವರು ಬರೆದರು. ಅಭಯಾರಣ್ಯದ ಮರ ಕಡಿಯಲು ಕಾಡಿನ ಆಫೀಸಿನ ಒಪ್ಪಿಗೆ ಬೇಕು, ಅವರು ಮೇಲಕ್ಕೆ ಬರೆದರು. ಕಾಗದ ಮೇಲೆ ಹೋಗುವಾಗ ನಡೆದುಕೊಂಡು ಹೋಗುತ್ತದೆ, ಇಳಿಯುವಾಗ ತೆವಳಿಕೊಂಡು. ಪ್ರತಿ ಮಳೆಗಾಲದ ಮುಂಚೆ ಗಂಗಿ ನೆನಪಿಸುತ್ತಿದ್ದಳು, ಭಾರತಿ ಮತ್ತೆ ಬರೆಯುತ್ತಿದ್ದರು.

ಹೀಗಿರುವಾಗ ಈ ಸಲದ ಫೆಬ್ರವರಿಯಲ್ಲಿ, ಯಾರೂ ನೆನೆಸದ ಸಂಗತಿ ನಡೆಯಿತು. ಮಂಗಟ್ಟೆ ಜೋಡಿಯೊಂದು ಅದೇ ಹೆಬ್ಬಲಸಿನ ಅದೇ ಪೊಟರೆಗೆ ಬಂತು. ಅದೇ ಜೋಡಿಯೋ, ಅವುಗಳ ನೆಂಟರೋ, ಹಕ್ಕಿಗೆ ಊರು ಹೆಸರು ಬರೆದಿರುವುದಿಲ್ಲ. ಇಪ್ಪತ್ನಾಲ್ಕನೇ ತಾರೀಕಿಗೆ ಗೋಡೆ ಪೂರ್ತಿಯಾಗಿ, ಸೀಳಿನಲ್ಲಿ ಕೊಕ್ಕು ಕಂಡಿತು. ಗಂಗಿ ಜಗಲಿಯ ಮೇಲೆ ಕೂತು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ತಾನು ಒಡೆದ ಮನೆಗೆ ಅವು ಮತ್ತೆ ಬಂದಿವೆ ಎಂದು ಸಂಜೆ ಮಾದೇವನಿಗೆ ಎರಡೆರಡು ಸಲ ಹೇಳಿದಳು. ರವೀಂದ್ರ ಗೂಡಿನ ವಿಷಯ ಆಫೀಸಿಗೆ ಬರೆದು ಕಳಿಸಿದ. ಆದರೆ ಮರ ಕಡಿಯುವ ಅಪ್ಪಣೆ ಅದಕ್ಕಿಂತ ಮೊದಲೇ ಹೊರಟುಬಿಟ್ಟಿತ್ತು. ಎರಡೂ ಕಾಗದ ಬೇರೆ ಬೇರೆ ಬಸ್ಸು ಹತ್ತಿದ್ದವು.

ಮೇ ಹದಿನೇಳರ ಬೆಳಿಗ್ಗೆ ಗಂಗಿ ಬಸ್ತಿಗೆ ಬಂದಾಗ ಐದು ಜನ ಆಳುಗಳು ಹೆಬ್ಬಲಸಿನ ಬುಡದಲ್ಲಿ ಚಾ ಕುಡಿಯುತ್ತಿದ್ದರು. ಪಕ್ಕದಲ್ಲಿ ಯಂತ್ರದ ಗರಗಸ. ಅವರ ಮೇಸ್ತ್ರಿ ವಿಶ್ವನಾಥ ಎಂಬವನು ಸಭ್ಯ ಮನುಷ್ಯ. ಅಪ್ಪಣೆಯ ಕಾಗದವನ್ನು ಅವಳಿಗೆ ಓದಿಯೂ ತೋರಿಸಿದ. ಇಪ್ಪತ್ತರೊಳಗೆ ಮರ ತೆಗೆಯಬೇಕು, ಎಷ್ಟು ಜಾಗ್ರತೆಯಿಂದ ಬೀಳಿಸಬೇಕು ಎಂದೆಲ್ಲ ಅದರಲ್ಲಿತ್ತು. ಪೊಟರೆಯೊಳಗೆ ಒಂದು ತಾಯಿ ಇದೆ, ಮರಿಯ ದನಿ ಕೇಳಲು ಶುರುವಾಗಿ ತಿಂಗಳು ದಾಟಿದೆ ಎಂಬುದು ಮಾತ್ರ ಇರಲಿಲ್ಲ. ಗಂಗಿ ಪೊಟರೆ ತೋರಿಸಿದಳು. ವಿಶ್ವನಾಥ ಕತ್ತೆತ್ತಿ ನೋಡಿ, ಪಾಪ ಎಂದ. ಆದರೆ ದೂರದಿಂದ ಆಳು ತಂದದ್ದು, ಬರಿಗೈಯಲ್ಲಿ ಹೋಗಲಾಗುವುದಿಲ್ಲ ಎಂದೂ ಹೇಳಿದ. ರವೀಂದ್ರನಿಗೆ ಹೇಳೋಣವೆಂದರೆ ಅವನು ಯಾಣದ ಕಡೆ ಡ್ಯೂಟಿಗೆ ಹೋಗಿದ್ದ, ಬಸ್ತಿಯಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಹೊಳೆಯ ತನಕ ಓಡಿ ಫೋನು ಮಾಡಿ ಬರುವಷ್ಟರಲ್ಲಿ ಮರ ನೆಲಕ್ಕೆ ಒರಗಿರುತ್ತದೆ.

ಅಡ್ಡ ನಿಂತು ಕೂಗಾಡುವುದು ಗಂಗಿಯ ಜಾಯಮಾನವಲ್ಲ. ಚೀಲದಿಂದ ಗುರುತಿನ ಪುಸ್ತಕ ತೆಗೆದು, ಖಾಲಿ ಹಾಳೆ ಬಿಡಿಸಿ, ಪೆನ್ನಿನ ಜೊತೆ ಅವನ ಮುಂದೆ ಹಿಡಿದಳು.

"ಕಡೀರಿ, ನಾನು ಮರ ತಬ್ಬಿಕೊಂಡು ನಿಲ್ಲೂದಿಲ್ಲ," ಎಂದಳು. "ಒಳಗೆ ಹಕ್ಕಿ ಅದೆ ಅಂತ ಗೊತ್ತಿದ್ದೇ ಕಡಿದೆ ಅಂತ ಇದರಲ್ಲಿ ಬರೆದು, ಹೆಸರು ಹಾಕಿ ಸಹಿ ಮಾಡಿ. ಗೂಡು ಕೆದಕಿದ್ರೂ ಬೇಟೆ ಅಂತ ಲೆಕ್ಕ, ಏಳು ವರ್ಷದ ತನಕ ಜೈಲು. ನಾನೇ ಒಂದ್ಸಲ ಮಾಡಿ ತಪ್ಪಿಸಿಕೊಂಡವಳು, ಅದಕ್ಕೆ ಹೇಳ್ತೆ."

ವಿಶ್ವನಾಥ ಪೆನ್ನು ತೆಗೆದುಕೊಂಡ. ಹಿಂದಿನ ಹಾಳೆಗಳನ್ನು ತಿರುವಿದ. ಫೆಬ್ರವರಿಯಿಂದ ಆ ಬೆಳಿಗ್ಗೆಯ ತನಕ ದಿನಕ್ಕೊಂದು ಸಾಲು, ಸೊನ್ನೆ, ಸೊಟ್ಟ ಗೆರೆ, ಅಡ್ಡಗೆರೆ. ಇವೆಲ್ಲ ಎಂತ ಎಂದು ಕೇಳಿದ, ಗಂಗಿ ಹೇಳಿದಳು. ಅವನು ಪೆನ್ನಿಗೆ ಮುಚ್ಚಳ ಹಾಕಿ ವಾಪಸು ಕೊಟ್ಟು, ಮಧ್ಯಾಹ್ನದ ತನಕ ಕಾಯುತ್ತೇನೆ, ಅಷ್ಟರಲ್ಲಿ ಮೇಲಿನವರನ್ನು ಕರೆಸಿ ಎಂದ. ಒಬ್ಬ ಗುಡಿಸುವ ಹೆಂಗಸಿನ ಮಾತಿಗೆ ಐದು ಜನ ಗಂಡಸರು, ಒಂದು ಯಂತ್ರ ಎಲ್ಲ ನಿಂತದ್ದು ಅವಳ ಬಾಯಿಯ ಬಲದಿಂದಲ್ಲ. ಹಿಂದೆ ಕಾಯ್ದೆ ನಿಂತಿತ್ತು. ಹೊಳೆಯ ಕಡೆ ಓಡುವಾಗ ಗಂಗಿಗೆ ಅದು ಚೆನ್ನಾಗಿ ಗೊತ್ತಿತ್ತು.

ದಡದಲ್ಲಿ ದೋಣಿಯ ಸುಧಾಕರ ಸಿಕ್ಕಿದ. ಹರೆಯದಲ್ಲಿ ಹೊನ್ನಾವರದ ಬಂದರಿನಲ್ಲಿ ಬೋಟುಗಳ ಕೆಲಸ ಮಾಡಿ, ಈಗ ಹೊಳೆ ದಾಟಿಸುತ್ತಾ ಇರುವವ. ಅವನ ಫೋನಿನಿಂದಲೇ ಇಬ್ಬರಿಗೂ ಸುದ್ದಿ ಹೋಯಿತು. ಹನ್ನೆರಡೂವರೆಗೆ ಭಾರತಿ ಬಂದರು, ಒಂದು ಗಂಟೆಗೆ ಬೈಕಿನ ಧೂಳಿನ ಸಮೇತ ರವೀಂದ್ರ. ಸುದ್ದಿ ಹೊತ್ತ ಸುಧಾಕರನೂ ಕುತೂಹಲಕ್ಕೆ ಹಿಂದೆಯೇ ಬಂದ.

ಮಾತು ಬಿಸಿಯಾಯಿತು. ಗೂಡಿರುವ ಮರವನ್ನು ಈಗ ಮುಟ್ಟುವಂತಿಲ್ಲ ಎಂದ ರವೀಂದ್ರ. ಮೊದಲ ಗಾಳಿಮಳೆಗೆ ಅದು ಮಾಡಿನ ಮೇಲೆ ಬಿದ್ದರೆ ಒಡೆದ ಕಲ್ಲನ್ನು ಯಾವ ಕಾಯ್ದೆಯೂ ಜೋಡಿಸಿ ಕೊಡುವುದಿಲ್ಲ ಎಂದರು ಭಾರತಿ. ಹಕ್ಕಿ ಮುಂದಿನ ವರ್ಷ ಮತ್ತೆ ಮೊಟ್ಟೆ ಇಟ್ಟೀತು, ಈ ಹಂಸಗಳನ್ನು ಇನ್ಯಾರು ಕೊರೆದಾರು? ಗಂಗಿ ಮಾಡಿನ ಅಂಚಿನ ಕಡೆ ನೋಡಿದಳು. ಆ ಹಂಸಗಳೂ ಅವಳವೇ. ಕೊನೆಗೆ ಭಾರತಿ ಅವಳ ಕಡೆ ತಿರುಗಿ, ಎರಡು ವರ್ಷದಿಂದ ಈ ಮರ ತೆಗೆಸಿ ಎಂದು ಬೆನ್ನು ಹತ್ತಿದ್ದು ನೀವೇ ಅಲ್ಲವೇ ಎಂದು ಕೇಳಿದರು.

"ಹೌದು ಮೇಡಂ, ನಾನೇ," ಎಂದಳು ಗಂಗಿ. "ಆಗ ಒಳಗೆ ಬಾಣಂತಿ ಇರಲಿಲ್ಲ."

ಭಾರತಿ ತಲೆ ತಗ್ಗಿಸಿ ಕನ್ನಡಕ ಒರೆಸಿಕೊಂಡರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ, ಇನ್ನೆಷ್ಟು ದಿನ. ಗಂಗಿ ಪುಸ್ತಕ ನೋಡಿ, ಹೆಚ್ಚೆಂದರೆ ಹದಿನೈದು ದಿನ ಎಂದಳು. ಅಷ್ಟು ದಿನ ಮರ ಮಾಡಿನ ಕಡೆ ಬೀಳದ ಹಾಗೆ ಮಾಡಿದರೆ ಜೂನ್ ಒಂದರ ತನಕ ಬಿಡಬಹುದು, ಮೇಲಿನವರಿಗೆ ತಾನೇ ಹೇಳುತ್ತೇನೆ ಎಂದರು ಭಾರತಿ. ಆದರೆ ಕ್ರೇನು ಬರಲು ದಾರಿಯಿಲ್ಲ, ದಾರಿ ಮಾಡಲು ಕಾಯ್ದೆ ಬಿಡುವುದಿಲ್ಲ. ಎಲ್ಲರೂ ವಾಲಿದ ಮರವನ್ನೇ ನೋಡುತ್ತಾ ನಿಂತಿದ್ದಾಗ ಸುಧಾಕರ ಗಂಟಲು ಸರಿಮಾಡಿಕೊಂಡ.

"ನಾಲ್ಕಾಳು ಎತ್ತರದ ಬೋಟು ದಡದ ಮೇಲೆ ಎಳೆದು ಮಳೆಗಾಲ ಪೂರ್ತಿ ವಾಲದ ಹಾಗೆ ನಿಲ್ಲಿಸ್ತೇವೆ," ಎಂದ. "ಇದೆಂತ ದೊಡ್ಡ ಕೆಲಸ? ಹಗ್ಗ, ಕಪ್ಪಿ ನಾನು ತತ್ತೆ."

ಮರುದಿನ ಅವನು ಬಂದರಿನ ಹಳೆಯ ಗೆಳೆಯರು ಮೂವರನ್ನೂ, ತೋಳು ಗಾತ್ರದ ಎರಡು ಸುರುಳಿ ಬೋಟಿನ ಹಗ್ಗವನ್ನೂ, ಕಬ್ಬಿಣದ ಕಪ್ಪಿಗಳನ್ನೂ ದೋಣಿಯಲ್ಲಿ ಹೇರಿಕೊಂಡು ಬಂದ. ಕಪ್ಪಿ ಎಂದರೆ ಹಗ್ಗ ಓಡುವ ಗಾಲಿ. ಅದಿದ್ದರೆ ನಾಲ್ಕು ಜನ ಹದಿನಾರು ಜನರ ಎಳೆತ ಎಳೆಯುತ್ತಾರೆ. ಕಂಬಕ್ಕೆ ಹಗ್ಗ ಸುತ್ತುವಂತಿಲ್ಲ ಎಂದರು ಭಾರತಿ. ಮರಗಳಿಗೆ ಮೊಳೆ ಹೊಡೆಯುವಂತಿಲ್ಲ, ಸಿಪ್ಪೆ ತರಚುವಂತಿಲ್ಲ ಎಂದ ರವೀಂದ್ರ. ಆತು ಎಂದು ಸುಧಾಕರ ಹೆಬ್ಬಲಸಿನ ಹಿಂದಿನ ಎರಡು ಗಟ್ಟಿ ಮರಗಳಿಗೆ ಗೋಣಿಚೀಲ ಸುತ್ತಿ, ಅದರ ಮೇಲೆ ಹಗ್ಗ ಕಟ್ಟಿದ. ಹೆಬ್ಬಲಸನ್ನು ಯಾರೂ ಹತ್ತಲಿಲ್ಲ. ಬಲೆಯ ಸೀಸದ ಗುಂಡನ್ನು ತೆಳು ದಾರಕ್ಕೆ ಕಟ್ಟಿ, ದೂರದಿಂದಲೇ ಬೀಸಿ ಪೊಟರೆಗಿಂತ ಮೇಲಿನ ಕವಲಿಗೆ ಎಸೆದ. ಮೂರನೆಯ ಎಸೆತಕ್ಕೆ ದಾರ ಕೂತಿತು. ದಾರದ ಹಿಂದೆ ಹಗ್ಗ ಹೋಯಿತು. ಗಂಡು ಹಕ್ಕಿ ಹಣ್ಣಿಗೆ ಹೋದ ಹೊತ್ತು ನೋಡಿ, ಮುಕ್ಕಾಲು ತಾಸಿನೊಳಗೆ ಎಲ್ಲ ಮುಗಿಸಿ ಜನ ಹಿಂದೆ ಸರಿದರು. ಕೆಲಸ ತಪ್ಪಿದ ವಿಶ್ವನಾಥನ ಆಳುಗಳೂ ಹಗ್ಗಕ್ಕೆ ಕೈ ಕೊಟ್ಟಿದ್ದರು.

ಆಮೇಲೆ ಗಂಡು ಬರಲಿಲ್ಲ. ದಿನಾ ಮಧ್ಯಾಹ್ನದೊಳಗೆ ಎಂಟು ಹತ್ತು ಸೊನ್ನೆ ಬೀಳುವ ಸಾಲು ಖಾಲಿ ಉಳಿಯಿತು. ಗಂಟೆ ಒಂದಾಯಿತು, ಎರಡಾಯಿತು, ಮೂರಾಯಿತು. ಸೀಳಿನಲ್ಲಿ ತಾಯಿಯ ಕೊಕ್ಕು ಬಂದು ಬಂದು ಒಳಗೆ ಹೋಗುತ್ತಿತ್ತು. ಹಗ್ಗಕ್ಕೆ ಹೆದರಿ ಗಂಡು ಕಾಡು ಬಿಟ್ಟಿತೆಂದರೆ, ಗರಿ ಇನ್ನೂ ಬಲಿಯದ ಆ ಜೀವ ಮರಿಗಳೊಂದಿಗೆ ಒಳಗೇ ಒಣಗಬೇಕು. ಉಳಿಸಲು ಹೋಗಿ ಎರಡನೆಯ ಸಲ ಕೊಂದೆನೇ ಎಂದು ಗಂಗಿಗೆ ಅನ್ನಿಸಿತು. ತಂದಿದ್ದ ಗಂಜಿ ಮುಟ್ಟಲಿಲ್ಲ. ಯಾವ ದೇವರನ್ನು ಕೇಳುವುದು? ಬಸ್ತಿಯಲ್ಲಿ ಮೂರ್ತಿಯೂ ಇಲ್ಲ. ನಾಲ್ಕೂವರೆಯ ಹೊತ್ತಿಗೆ ಗಂಡು ಬಂತು. ಮೊದಲು ಎದುರಿನ ಮರದಲ್ಲಿ ಕೂತಿತು. ಆಮೇಲೆ ಸುಧಾಕರನ ಹಗ್ಗದ ಮೇಲೇ ಇಳಿದು ಎರಡು ಸಲ ಕೊಕ್ಕು ತಿಕ್ಕಿ, ಹಾರಿ ಹೋಗಿ ಪೊಟರೆಗೆ ಬಸರಿ ಹಣ್ಣು ಕೊಟ್ಟಿತು. ಗಂಗಿ ಸೊನ್ನೆ ಹಾಕಿದಳು. ಪುಸ್ತಕ ಮಡಚಿ, ಆರಿದ ಗಂಜಿಯನ್ನು ಉಂಡಳು.

ಆ ವಾರ ಎರಡು ಸಲ ಗಾಳಿ ಎದ್ದಿತು. ಹಗ್ಗ ಕಿರುಗುಟ್ಟಿತು, ಹಿಡಿದುಕೊಂಡಿತು. ಗಾಳಿ ನಿಂತ ಕೂಡಲೇ ಸುಧಾಕರ ಬಂದು ಗಂಟು ನೋಡಿ ಹೋಗುತ್ತಿದ್ದ. ಇದಕ್ಕೆಲ್ಲ ಏನು ಕೊಡಲಿ ಎಂದು ಗಂಗಿ ಕೇಳಿದ್ದಕ್ಕೆ, ಮರಿಗೆ ನನ್ನ ಹೆಸರಿಡು ಎಂದ.

ಮೇ ಇಪ್ಪತ್ತೆಂಟರ ಬೆಳಿಗ್ಗೆ ತಾಯಿ ಒಳಗಿನಿಂದ ಗೋಡೆ ಕುಟ್ಟಲು ಶುರುಮಾಡಿತು. ಗಂಗಿ ಪೊರಕೆ ಕೆಳಗಿಟ್ಟು ಕೂತಳು. ಎರಡು ತಾಸು ಅದು ಕುಟ್ಟಿತು, ಚೂರು ಚೂರೇ ಗೋಡೆ ಉದುರಿತು, ಯಾರೂ ದೋಟಿ ಹಿಡಿಯಲಿಲ್ಲ. ಹತ್ತು ಗಂಟೆಗೆ ಅದು ಹೊರಗೆ ಬಂತು. ಮೈತುಂಬ ಹೊಸ ಗರಿ. ಮೈ ಮುರಿದು, ಒಮ್ಮೆ ಕುಪ್ಪಳಿಸಿ, ಹಾರಿತು. ಹಿಂದೆಯೇ ಒಂದು ಮರಿ, ಸ್ವಲ್ಪ ಹೊತ್ತಿಗೆ ಇನ್ನೊಂದು. ಎರಡನೆಯದಕ್ಕೆ ರೆಕ್ಕೆಯ ಭರವಸೆ ಸಾಲದೆ ಬಸ್ತಿಯ ಮಾಡಿನ ಅಂಚಿಗೆ ಇಳಿದು, ಕಲ್ಲಿನ ಹಂಸಗಳ ತಲೆಯ ಮೇಲೆ ಅತ್ತಿತ್ತ ನೋಡುತ್ತಾ ಕೂತಿತು. ತಾಯಿ ಆಚೆ ಮರದಿಂದ ಕರೆಯಿತು. ಮರಿ ಹಾರಿ ಹೋದ ಮೇಲೆಯೇ ಗಂಗಿ ಪೊರಕೆ ಎತ್ತಿಕೊಂಡದ್ದು.

ವಿಶ್ವನಾಥ ಜೂನ್ ಎರಡಕ್ಕೆ ಬರುವವನಿದ್ದ. ಅವನಿಗೆ ಕೆಲಸ ಉಳಿಯಲಿಲ್ಲ. ಒಂದನೇ ತಾರೀಕು ಮಧ್ಯಾಹ್ನ ಮಳೆ ಹಿಡಿಯಿತು, ಮೂರು ಗಂಟೆಯ ಗಾಳಿಗೆ ಹೆಬ್ಬಲಸು ಬುಡದಲ್ಲಿ ಮುರಿಯಿತು. ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದ ಗಂಗಿಯ ಕಣ್ಣೆದುರಿಗೇ ಅದು ಮಾಡಿನ ಕಡೆಗೆ ಒಮ್ಮೆ ತೂಗಿ, ಹಗ್ಗದ ಜಗ್ಗಿಗೆ ತಿರುಗಿ, ಹಿಂದಿನ ತಗ್ಗಿಗೆ ಬಿತ್ತು. ಮೂವತ್ತೊಂದು ಹಂಸಗಳಲ್ಲಿ ಒಂದರ ಕೊಕ್ಕೂ ಮುಕ್ಕಾಗಲಿಲ್ಲ. ಸುದ್ದಿ ಕೇಳಿ ಭಾರತಿ ಫೋನಿನಲ್ಲಿ, ಮೂವತ್ತೊಂದೂ ಇವೆಯೇ ಎಂದು ಕೇಳಿದರು. ಕೊನೆಗೆ, ನಿಮಗೆ ಹೇಗೆ ಧನ್ಯವಾದ ಹೇಳಲಿ ಗಂಗಮ್ಮ ಎಂದರು. ಮಳೆ ಬಿಟ್ಟಾಗ ಒಮ್ಮೆ ಬಂದು ಹಂಸ ಎಣಿಸಿ ಹೋಗಿ ಎಂದಳು ಗಂಗಿ.

ಮರುದಿನ ರವೀಂದ್ರ ವರದಿ ಬರೆಯಲು ಬಂದ. ಅಭಯಾರಣ್ಯದಲ್ಲಿ ಬಿದ್ದ ಮರ ಬಿದ್ದಲ್ಲೇ ಕರಗಬೇಕು, ಕಡ್ಡಿಯನ್ನೂ ಒಯ್ಯುವಂತಿಲ್ಲ. ಅವನು ಅಳತೆ ಹಿಡಿಯುವಾಗ ಗಂಗಿ ಕಾಂಡದ ಪಕ್ಕ ಮಂಡಿಯೂರಿದಳು. ಎಂಟು ವರ್ಷ ಕತ್ತೆತ್ತಿ ನೋಡಿದ ಪೊಟರೆ ಈಗ ಮೊಣಕಾಲಿನ ಮಟ್ಟದಲ್ಲಿತ್ತು. ಒಳಗೆ ಕೈ ಹಾಕಿದಳು. ಬೆಚ್ಚಗಿತ್ತು, ಒಣಗಿತ್ತು. ಅಡಿಯಲ್ಲಿ ಹಣ್ಣಿನ ಬೀಜಗಳ ಹಾಸು, ಅದರ ಮೇಲೆ ತಾಯಿ ಉದುರಿಸಿದ ಗರಿಗಳು. ಒಂದನ್ನು ಹೊರಗೆ ತೆಗೆದಳು. ಕಪ್ಪು, ತುದಿಗೆ ಬಿಳಿ, ಮೊಳಕೈ ತನಕ ಇಲ್ಲದಿದ್ದರೂ ಗೇಣಿಗಿಂತ ಉದ್ದ. ಸುಪ್ರಿಯಾಳಿಗೆ ತೋರಿಸಬೇಕು, ದೇವರ ಗೂಡಿನ ಪಕ್ಕ ಸಿಕ್ಕಿಸಬೇಕು ಎಂದು ಆಸೆಯಾಯಿತು. ಆ ಆಸೆ ಮುಖದಲ್ಲಿ ಕಂಡಿರಬೇಕು.

"ಒಂದು ಗರಿ ಅಲ್ವಾ ಗಂಗಕ್ಕ," ಎಂದ ರವೀಂದ್ರ. ಗರಿ ಇಟ್ಟುಕೊಳ್ಳುವುದೂ ಕಾಯ್ದೆಗೆ ವಿರುದ್ಧ ಎಂದು ಅವಳಿಗೆ ಕಲಿಸಿದವನೇ ಅವನು. "ನಾನು ಆ ಕಡೆ ತಿರುಗಿ ನಿಲ್ತೆ."

ಗಂಗಿ ಗರಿಯನ್ನು ಕೆನ್ನೆಗೆ ಒಮ್ಮೆ ಒತ್ತಿಕೊಂಡಳು.

"ಬೇಡ ರವೀಂದ್ರ," ಎಂದಳು. "ಕಾಯ್ದೆ ನಂಗೆ ಕೊಟ್ಟದ್ದೇ ಬಾಳ ಆತು."

ಅವಳು ಪೊಟರೆಯೊಳಗೆ ತೋಳು ತನಕ ಕೈ ಹಾಕಿ, ಬೀಜಗಳ ಹಾಸಿನ ಮೇಲೆ, ಎಲ್ಲಿಂದ ತೆಗೆದಿದ್ದಳೋ ಅಲ್ಲೇ ಆ ಗರಿಯನ್ನು ಇಟ್ಟಳು.